ಬೀಗ ಹಾಕಿದ್ದರೆ ಮುಂದಿನ ಮನೆ

ಆಗಸ್ಟ್ 9

ಅಮ್ಮನಿಗೆ,

ಹಾಸ್ಟೆಲ್ ಚೆನ್ನಾಗಿದೆ. ಊಟ ಚೆನ್ನಾಗಿದೆ. ರೂಮ್‌ಮೇಟ್ ಒಳ್ಳೆಯವಳು.

ನೋಡು, ಐದನೇ ವಯಸ್ಸಿನಿಂದ ಪ್ರತಿ ಭಾನುವಾರ ಈ ಮೂರು ವಾಕ್ಯ ಬರೆದು ಬರೆದು ಕೈ ತಾನಾಗಿಯೇ ಬರೆದುಬಿಡುತ್ತದೆ. ಇಲ್ಲಿ ಪತ್ರ ಓದಿ ಸೀಲ್ ಹೊಡೆಯುವ ವಾರ್ಡನ್ ಇಲ್ಲ. ಆದರೂ ಹಿಂದೆ ಯಾರೋ ನಿಂತ ಹಾಗೇ ಅನಿಸುತ್ತದೆ.

ನಿಜ ಹೇಳಲಾ? ಸಿಕ್ಕಾಪಟ್ಟೆ ಟೆನ್ಷನ್. ಸಮಾಜವಿಜ್ಞಾನ ಅಂದರೆ ಜನರ ಕಥೆ ಅಂದುಕೊಂಡು ಸೇರಿದೆ. ಇಲ್ಲಿ ಬರೀ ಲೆಕ್ಕ. ನಮ್ಮ ಪ್ರೊಫೆಸರಿಗೆ ಸೀನಿಯರ್‌ಗಳು ಇಟ್ಟ ಹೆಸರು ಶೇಕಡಾ ಸರ್. ಎದುರಿಗೆ ಸಿಕ್ಕಿ "ಏನಮ್ಮಾ, ಹುಷಾರಾ?" ಅಂದರೆ "ಎಂಬತ್ತು ಪರ್ಸೆಂಟ್ ಸರ್" ಅನ್ನಬೇಕಂತೆ. ನಾನು ನಿಜವಾಗಿಯೂ ಹಾಗೆ ಅಂದುಬಿಟ್ಟೆ. ಅವರು ನಗಲಿಲ್ಲ. "ಉಳಿದ ಇಪ್ಪತ್ತು ಏನಾಯ್ತು?" ಅಂದರು.

ಮೊದಲ ವರ್ಷದ ಆರು ಜನರನ್ನು ಅವರು ಒಂದು ಕೆಲಸಕ್ಕೆ ಹಾಕಿಕೊಂಡಿದ್ದಾರೆ. ಹದಿನಾಲ್ಕು ವರ್ಷದ ಹಿಂದೆ ಬಾಟಲಿ ಕಾರ್ಖಾನೆಯ ಲೈನ್ ಮನೆಗಳಲ್ಲಿ ಅವರೊಂದು ಸರ್ವೆ ಮಾಡಿಸಿದ್ದರು. ಅಲ್ಲೊಂದು ಶಿಶುವಿಹಾರ ತೆರೆಯಬೇಕೇ ಬೇಡವೇ ಅಂತ. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲು ತೊಂದರೆ ಇಲ್ಲ ಅಂತ ತೊಂಬತ್ತಮೂರು ಪರ್ಸೆಂಟ್ ತಾಯಂದಿರು ಹೇಳಿದರಂತೆ. ಶಿಶುವಿಹಾರ ತೆರೆಯಲಿಲ್ಲ. ಆ ಅಧ್ಯಯನ ನಮ್ಮ ಪಠ್ಯಪುಸ್ತಕದಲ್ಲೂ ಇದೆ. ಈಗ ಬಟ್ಟೆ ಗಿರಣಿಯ ಹತ್ತಿರದ ಲೈನ್‌ಗಳಲ್ಲಿ ಅದೇ ಪ್ರಶ್ನೆ ಎದ್ದಿದೆಯಂತೆ. ನಗರಸಭೆಗೆ ಮಾರ್ಚ್‌ನಲ್ಲಿ ವರದಿ ಕೊಡಬೇಕು. ಅದಕ್ಕೇ ಹಳೆಯ ಫಾರಂಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸುತ್ತಿದ್ದಾರೆ.

ಫಾರಂ ತುಂಬಿದವರ ಹೆಸರು ಎಲ್ಲೂ ಇಲ್ಲ. ನಂಬರ್ ಮಾತ್ರ. ನನಗೆ ಬಂದದ್ದು ಹನ್ನೊಂದನೇ ನಂಬರಿನ ಕಟ್ಟು. ದಾರ ಬಿಚ್ಚಿ ಮೊದಲನೇ ಹಾಳೆ ನೋಡಿದೆ. ಹದಿಮೂರು ವರ್ಷದಿಂದ ಓದುತ್ತಿರುವ ಕೈಬರಹ ನನಗೆ ಗೊತ್ತಾಗದೇ ಇರುತ್ತದಾ?

ಅಮ್ಮಾ, ಹನ್ನೊಂದು ನೀನಾ?

ಇಂತಿ,
ನಿನ್ನ ಮಗಳು

*

ಆಗಸ್ಟ್ 21

ಮಗಳೇ,

ಹೌದು, ನಾನೇ. ಸರ್ವೆ ಏಜೆನ್ಸಿಯಲ್ಲಿ ಈಗಲೂ ಅದೇ ನಂಬರ್. ಮನೆ ಬದಲಾಯಿತು, ಬಸ್ಸು ಬದಲಾಯಿತು, ಇದೊಂದು ಬದಲಾಗಲಿಲ್ಲ.

ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ಟೈಪ್ ಮಾಡಿ ಕೊಟ್ಟುಬಿಡು. ದೊಡ್ಡವರು ದೊಡ್ಡ ಪುಸ್ತಕ ಬರೆದುಕೊಳ್ಳುತ್ತಾರೆ, ನಮಗೇನು. ನಾನು ಮೆಟ್ಟಿಲು ಹತ್ತಿ ಇಳಿದದ್ದು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ನಿನಗೆ ಆಗ ನಾಲ್ಕು ವರ್ಷ. ನಾವು ಅದೇ ಲೈನಿನಲ್ಲಿ ಮೂವತ್ತೊಂದನೇ ಮನೆಯಲ್ಲಿದ್ದೆವು. ನಾನು ಫಾರಂ ಹಿಡಿದು ಹೊರಟರೆ ಪಕ್ಕದ ಮೂವತ್ತೆರಡರ ಅಜ್ಜಿ ನಿನ್ನನ್ನು ನೋಡಿಕೊಳ್ಳುತ್ತಿದ್ದರು. ಬಹಳ ಒಳ್ಳೆಯ ಅಜ್ಜಿ. ನೀನು ಕೇಳಿಲ್ಲ, ಆದರೂ ಹೇಳಿದೆ.

ಈ ವಾರ ಸೋಪಿನ ಸರ್ವೆ. "ಈ ವಾಸನೆ ನಿಮಗೆ ಯಾರನ್ನು ನೆನಪಿಸುತ್ತದೆ?" ಅಂತ ಕೇಳಬೇಕು. ಒಬ್ಬಾಕೆ ಮೂಸಿ ನೋಡಿ "ಸೋಪನ್ನೇ" ಅಂದಳು. ಆ ಉತ್ತರಕ್ಕೆ ಫಾರಂನಲ್ಲಿ ಜಾಗವಿಲ್ಲ. ಈ ಬೀದಿಯಲ್ಲಿ ನನ್ನನ್ನು ಕಂಡರೆ ಮಕ್ಕಳು "ಪ್ರಶ್ನೆ ಅಕ್ಕ ಬಂದ್ರು" ಅಂತ ಒಳಗೆ ಓಡುತ್ತಾರೆ.

ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ಕೂದಲಿಗೆ ಎಣ್ಣೆ ಹಾಕು.

ಅಮ್ಮ

*

ಸೆಪ್ಟೆಂಬರ್ 14

ಅಮ್ಮಾ,

ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು. ದಯವಿಟ್ಟು ಬೈಯಬೇಡ.

ನಿನ್ನ ಕಟ್ಟು ಪೂರ್ತಿ ಟೈಪ್ ಆಯಿತು. ಅರವತ್ತು ಫಾರಂ. ಮಗು ಬಿಟ್ಟು ಕೆಲಸಕ್ಕೆ ಹೋಗಲು ತೊಂದರೆ ಇದೆಯೇ ಅನ್ನುವ ಒಂಬತ್ತನೇ ಪ್ರಶ್ನೆಗೆ ಐವತ್ತಾರು 'ಇಲ್ಲ'. ಅದರಲ್ಲೂ ನಲವತ್ತೊಂದು ಫಾರಂಗಳಲ್ಲಿ ಷರಾ ಕಾಲಂನಲ್ಲಿ ಒಂದೇ ಮಾತು: "ನಾನು ಮನೆಯಲ್ಲೇ ಇರುತ್ತೇನೆ." ನಲವತ್ತೊಂದು ಹೆಂಗಸರು ಒಂದೇ ವಾಕ್ಯ ಹೇಳುತ್ತಾರಾ? ಮನೆ ನಂಬರ್‌ಗಳೂ ಸರಿಯಿಲ್ಲ. ಇಪ್ಪತ್ತೊಂಬತ್ತು, ಮೂವತ್ತು, ಆಮೇಲೆ ಮೂವತ್ತೆರಡು, ಆಮೇಲೆ ಮೂವತ್ತೈದು. ಹತ್ತರಲ್ಲಿ ನಾಲ್ಕು ಮನೆ ಮಾಯ. ಎಲ್ಲವೂ ಹಗಲು ಹತ್ತರಿಂದ ನಾಲ್ಕರೊಳಗೆ ಮುಗಿದಿವೆ, ಯಾರೋ ಆಫೀಸಿನಲ್ಲಿ ಕೂತು ಬರೆದ ಹಾಗೆ.

ಹೆಸರು ಹೇಳದೆ ರೂಮ್‌ಮೇಟಿಗೆ ತೋರಿಸಿದೆ. ಅವಳದು ಸಂಖ್ಯಾಶಾಸ್ತ್ರ. "ಇಷ್ಟೊಂದು ನೀಟಾದ ಡೇಟಾ ದೇವರೂ ಕೊಡಲ್ಲ ಕಣೇ" ಅಂದಳು. ಬಾಗಿಲು ಬಡಿಯದೆ ಮರದ ಕೆಳಗೆ ಕೂತು ಫಾರಂ ತುಂಬುವವರು ಎಲ್ಲ ಕಡೆ ಇರುತ್ತಾರಂತೆ. ಫಾರಂಗೆ ಇಷ್ಟು ಅಂತ ಸಂಬಳ ಕೊಟ್ಟರೆ ಹಾಗೇ ಆಗುವುದಂತೆ.

ನಾನು ನಂಬಲಿಲ್ಲ. ನೀನು ಹಾಗಲ್ಲ ಅಂತ ನನಗೆ ಗೊತ್ತು ಅಂದುಕೊಂಡೆ. ಗೊತ್ತು ಅನ್ನುವುದಕ್ಕೆ ಪುರಾವೆ ಬೇಕಲ್ಲ, ಅದಕ್ಕೇ ನಿನ್ನ ಪತ್ರದಿಂದ ನನಗೆ ಗೊತ್ತಿರುವ ಒಂದೇ ಒಂದು ಮನೆಯನ್ನು ತೆಗೆದು ನೋಡಿದೆ. ಮೂವತ್ತೆರಡು. ನಿನ್ನ ಅಕ್ಷರದಲ್ಲೇ ಇದೆ: ಮನೆಯಲ್ಲಿ ಮೂರು ಜನ. ಗಂಡ ಇಪ್ಪತ್ತೊಂಬತ್ತು, ಹೆಂಡತಿ ಇಪ್ಪತ್ತನಾಲ್ಕು, ಮಗು ಎಂಟು ತಿಂಗಳು. ಅಷ್ಟೇ.

ಅಜ್ಜಿ ಎಲ್ಲಿ ಅಮ್ಮ?

ಪ್ರತಿಯೊಬ್ಬರೂ ತಮ್ಮ ಕಟ್ಟಿನ ಬಗ್ಗೆ ಅರ್ಧ ಪುಟ ಪರಿಶೀಲನಾ ಟಿಪ್ಪಣಿ ಬರೆದು ಸಹಿ ಹಾಕಬೇಕು. ನಂಬಬಹುದೇ, ಇಲ್ಲವೇ. ಕೊನೇ ದಿನ ಅಕ್ಟೋಬರ್ 18. ಇಲ್ಲ ಅಂತ ಬರೆದರೆ ಆ ಕಟ್ಟನ್ನು ತೆಗೆದುಹಾಕುತ್ತಾರೆ. ಏಜೆನ್ಸಿಗೂ ಒಂದು ಕಾಗದ ಹೋಗುತ್ತದೆ. ಹನ್ನೊಂದು ನನ್ನ ತಾಯಿ ಅಂತ ನಾನು ಇಲ್ಲಿ ಯಾರಿಗೂ ಹೇಳಿಲ್ಲ.

ನೀನು ಕೂತು ಬರೆದೆಯಾ? ಹೌದು ಅಂದರೂ ಪರವಾಗಿಲ್ಲ. ಪರವಾಗಿಲ್ಲ ಅಂತ ಸುಮ್ಮನೆ ಅಂದೆ. ಆದರೂ ಹೇಳು.

ಇಂತಿ,
ಮಗಳು

*

ಅಕ್ಟೋಬರ್ 5

ಮಗಳೇ,

ಪತ್ರ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಕೆಲಸ ಜಾಸ್ತಿ. ನೆಗಡಿ ಆಗಿತ್ತು, ಹೋಯಿತು.

ನಿನ್ನ ಸರ್ ಏನು ಬರೆ ಅನ್ನುತ್ತಾರೋ ಅದನ್ನು ಬರೆ. ಓದು ಮುಖ್ಯ.

ಅಮ್ಮ

*

ಅಕ್ಟೋಬರ್ 19

ಅಮ್ಮ,

ನಿನ್ನೆ ಸಂಜೆ ನಾಲ್ಕಕ್ಕೆ ಟಿಪ್ಪಣಿ ಕೊಟ್ಟೆ. ನಕಲು ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ನೆಗಡಿ ಅಂತೆ! ಹಾಸ್ಟೆಲಿನ ವಾರ್ಡನ್ ಓದುವ ಪತ್ರ ಬರೆದಿದ್ದೀಯ ನನಗೆ. ಏನೂ ಹೇಳದ ಪತ್ರ ಬರೆಯುವುದನ್ನು ನಾನು ಕಲಿತದ್ದೇ ನಿನ್ನಿಂದ, ಅದು ನನಗೆ ಗುರುತು ಸಿಗುವುದಿಲ್ಲವಾ?

ತಪ್ಪು ಮಾಡದವರು "ಮಾಡಿಲ್ಲ" ಅನ್ನುತ್ತಾರೆ. ನೀನು ಅನ್ನಲಿಲ್ಲ. ಅದಕ್ಕೇ ನಾನು ಬರೆದೆ: "ಹನ್ನೊಂದನೇ ನಂಬರಿನ ಕಟ್ಟು ಅನುಮಾನಾಸ್ಪದ. ಉತ್ತರಗಳು ಸ್ಥಳದಲ್ಲಿ ಪಡೆದಂತೆ ಕಾಣುವುದಿಲ್ಲ."

ಸರ್ ಓದಿ ನನ್ನ ತಲೆ ಮೇಲೆ ಕೈಯಿಟ್ಟರು. "ಸಂಶಯ ಇಲ್ಲದವನು ಈ ಕಡೆ ಬರಬಾರದು. ನೀನು ಬರಬಹುದು" ಅಂದರು. ಆರು ಜನರಲ್ಲಿ ಸಂಶಯ ಅಂತ ಬರೆದವಳು ನಾನೊಬ್ಬಳೇ. ಎಲ್ಲರೂ ನನ್ನನ್ನೇ ನೋಡಿದರು. ನನಗೆ ಹೆಮ್ಮೆ ಆಯಿತಮ್ಮಾ. ಬಾತ್‌ರೂಮಿಗೆ ಹೋಗಿ ಅತ್ತೆ, ಆದರೂ ಹೆಮ್ಮೆ ಆಗಿತ್ತು. ಇದನ್ನೂ ಹೇಳಬೇಕು ಅನಿಸಿತು.

ನಾನು

*

ನವೆಂಬರ್ 2

ಮಗಳೇ,

ಟಿಪ್ಪಣಿ ಓದಿದೆ. ಭಾಷೆ ಚೆನ್ನಾಗಿದೆ. 'ಅನುಮಾನಾಸ್ಪದ' ಅನ್ನುವ ಪದ ಎರಡು ಕಡೆ ಬಂದಿದೆ, ಒಂದು ಸಾಕಿತ್ತು.

ಈಗ ಕೂತು ಓದು. ಒಂದೇ ಸಲ ಬರೆಯುತ್ತೇನೆ.

ಆ ಅರವತ್ತು ಫಾರಂ ಅರವತ್ತೂ ಬಾಗಿಲಲ್ಲಿ ನಿಂತು ಬರೆದದ್ದು. ಮೂವತ್ತೆರಡರಲ್ಲಿ ಇದ್ದದ್ದು ಮೂರೇ ಜನ. ಫಾರಂ ನಿಜ. ಅಜ್ಜಿ ಸುಳ್ಳು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ನೀನು ನನ್ನ ಬಾಯಿಮಾತನ್ನು ನಂಬಿ ನನ್ನ ಫಾರಂ ಮೇಲೆ ಅನುಮಾನ ಪಟ್ಟೆ. ಅದಲುಬದಲಾಗಿ ಹೋಯಿತು. ಅದಕ್ಕೆ ಕಾರಣ ನಾನೇ, ನಿನ್ನನ್ನು ಬೈಯುವ ಹಾಗೂ ಇಲ್ಲ. ನೀನು "ಕೂತು ಬರೆದೆಯಾ" ಅಂತ ಕೇಳಿದಾಗ ಇಲ್ಲ ಅನ್ನುವುದು ಸುಲಭವಿತ್ತು. ಇಲ್ಲ ಅಂದರೆ ಮುಂದಿನ ಪ್ರಶ್ನೆ ಅಜ್ಜಿಯದು. ಅಲ್ಲಿಗೆ ಬಾಯಿ ಕಟ್ಟಿತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಯಾವ ಪ್ರಶ್ನೆಯ ಹಿಂದೆ ಯಾವುದು ಬರುತ್ತದೆ ಅಂತ ಗೊತ್ತಾಗುತ್ತದೆ.

ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರ್ ಕಲಿಸಿದ್ದು ಇಷ್ಟು. "ಮೂರು ಸಲ ಬಡೀರಿ. ಬೀಗ ಹಾಕಿದ್ರೆ ಮುಂದಿನ ಮನೆ. ವಾಪಸ್ ಹೋಗೋದೆಲ್ಲ ಬೇಡ, ಟೈಮ್ ವೇಸ್ಟ್." ಐದಕ್ಕೆ ಫಾರಂ ಆಫೀಸಿಗೆ ತಲುಪಬೇಕು, ಅದಕ್ಕೇ ನಾಲ್ಕಕ್ಕೆ ನಿಲ್ಲಿಸುವುದು. ಹಗಲು ಹತ್ತರಿಂದ ನಾಲ್ಕರವರೆಗೆ ಬಾಗಿಲು ತೆರೆಯುವ ಹೆಂಗಸು ಯಾರು ಹೇಳು? ಕೆಲಸಕ್ಕೆ ಹೋಗದವಳು. ಅವಳನ್ನು ಹಿಡಿದು ಮಗು ಬಿಟ್ಟು ಕೆಲಸಕ್ಕೆ ಹೋಗಲು ತೊಂದರೆ ಇದೆಯಾ ಅಂದರೆ ಏನನ್ನುತ್ತಾಳೆ? "ಇಲ್ಲಮ್ಮ, ನಾನು ಮನೇಲೇ ಇರ್ತೀನಿ." ನಲವತ್ತೊಂದು ಜನ ಹಾಗೇ ಅಂದರು, ನಲವತ್ತೊಂದು ಸಲ ಹಾಗೇ ಬರೆದೆ.

ನಿನಗೆ ಮಾಯವಾಗಿ ಕಂಡ ಮನೆಗಳು ಮೂವತ್ತೆಂಟು. ಎಲ್ಲ ಬೀಗ. ಅವರೆಲ್ಲ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದರು. ಕೇಳಬೇಕಾದವರು ಅವರು. ಬೀಗದ ಮನೆಗಳ ಪಟ್ಟಿಯನ್ನೂ ನಾವು ದಿನಾ ಆಫೀಸಿಗೆ ಕೊಡುತ್ತಿದ್ದೆವು. ಅದನ್ನು ಯಾರೂ ಕಟ್ಟಿಗೆ ಸೇರಿಸಲಿಲ್ಲ ಅಂತ ನಿನ್ನ ಪತ್ರ ನೋಡಿ ಗೊತ್ತಾಯಿತು.

ಇನ್ನು ಮೂವತ್ತೊಂದು.

ನಿನ್ನ ಅಪ್ಪ ಹೋದ ವರ್ಷ ಅದು. ನಿನ್ನನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ನೀರು, ಬಿಸ್ಕತ್ತು, ಬಣ್ಣದ ಪೆನ್ಸಿಲು ಇಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದೆ. ಯಾರು ಬಡಿದರೂ ಉಸಿರು ಬಿಡಬೇಡ ಅಂತ ಹೇಳಿಕೊಟ್ಟಿದ್ದೆ. ಒಂದು ದಿನ ತಪಾಸಣೆಗೆ ಅಂತ ಸೂಪರ್‌ವೈಸರ್ ನನ್ನ ಜೊತೆ ಬಂದರು. ಮನೆಗಳನ್ನು ಸಾಲಾಗಿ ತೆಗೆದುಕೊಳ್ಳಬೇಕು. ಇಪ್ಪತ್ತೊಂಬತ್ತು ಆಯಿತು, ಮೂವತ್ತು ಆಯಿತು. ಮೂವತ್ತೊಂದರ ಮುಂದೆ ನಿಂತೆವು. ಬೀಗದ ಕೈ ನನ್ನ ಚೀಲದಲ್ಲಿತ್ತು. ಅವರಿಗೆ ಅದು ನನ್ನ ಮನೆ ಅಂತ ಗೊತ್ತಿರಲಿಲ್ಲ. ನಿಯಮದಂತೆ ಮೂರು ಸಲ ಬಡಿದೆ.

ನೀನು ಉಸಿರು ಬಿಡಲಿಲ್ಲ. ಹೇಳಿಕೊಟ್ಟ ಹಾಗೇ ಇದ್ದೆ.

"ಬೀಗ. ನಡೀರಿ ಮುಂದಕ್ಕೆ" ಅಂದರು. ನಡೆದೆ.

ಮುಂದಿನ ಜೂನ್‌ನಲ್ಲಿ ನಿನ್ನನ್ನು ಹಾಸ್ಟೆಲಿಗೆ ಸೇರಿಸಿದೆ. ಅಲ್ಲಿ ಕೊನೇ ಪಕ್ಷ ಬಾಗಿಲು ತೆರೆದಿರುತ್ತದೆ ಅಂದುಕೊಂಡೆ.

ಅಮ್ಮ

*

ನವೆಂಬರ್ 26

ಅಮ್ಮಾ,

ನಿನ್ನ ಪತ್ರ ಬಂದ ದಿನ ಕ್ಲಾಸಿಗೆ ಹೋಗಲಿಲ್ಲ. ಮರುದಿನ ಸರ್ ರೂಮಿಗೆ ಹೋಗಿ ಕೂತೆ. ಅವರು ಕೆಟ್ಟವರಲ್ಲಮ್ಮಾ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿ ಪೂರ್ತಿ ಕೇಳಿಸಿಕೊಂಡರು.

"ಸರ್, ಟಿಪ್ಪಣಿ ವಾಪಸ್ ಬೇಕು. ಹನ್ನೊಂದನೇ ನಂಬರ್ ನಮ್ಮಮ್ಮ. ಫಾರಂ ಎಲ್ಲಾ ನಿಜ. ತಪ್ಪಿರೋದು ಬೇರೆ ಕಡೆ."

"ನಿಮ್ಮಮ್ಮ ಅಂತ ಬರೆಯೋಕೆ ಮುಂಚೆ ಹೇಳಿದ್ಯಾ?"

"ಇಲ್ಲ ಸರ್."

"ಗೊತ್ತಿಲ್ಲದವರು ಅಂತ ಬರೆದಾಗ ಅನುಮಾನ. ಅಮ್ಮ ಅಂತ ಹೇಳಿದ ಮೇಲೆ ನಂಬಿಕೆ. ನನ್ನ ಜಾಗದಲ್ಲಿ ಕೂತು ಹೇಳು, ಯಾವುದನ್ನ ತಗೊಳ್ಳಲಿ?"

ಬೀಗದ ಮನೆಗಳ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. ಆ ಹೊತ್ತಿನಲ್ಲಿ ಅವರಿಗೆ ಅರ್ಥವಾಯಿತು ಅಂತ ನಾನು ಈಗಲೂ ಅಂದುಕೊಂಡಿದ್ದೇನೆ. ಆಮೇಲೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಹನ್ನೊಂದನೇ ಕಟ್ಟು ತೆಗೆದು ಮತ್ತೆ ಲೆಕ್ಕ ಹಾಕಿಸಿದ್ದರು. ತೊಂಬತ್ತಮೂರು ಇದ್ದದ್ದು ತೊಂಬತ್ತೆರಡು ಮುಕ್ಕಾಲು.

"ನೋಡು. ಅನುಮಾನದ ಕಟ್ಟು ತೆಗೆದರೂ ಫಲಿತಾಂಶ ಅಲ್ಲಾಡಲಿಲ್ಲ. ಅಂದ್ರೆ ಅಧ್ಯಯನ ಗಟ್ಟಿ ಇದೆ ಅಂತ. ಇದನ್ನ ತೋರಿಸಿಕೊಟ್ಟವಳು ನೀನೇ."

"ಸರ್, ಎಲ್ಲಾ ಕಟ್ಟಿನಲ್ಲೂ ಅದೇ ಬೀಗ ಇದ್ರೆ ಹೇಗೆ ಅಲ್ಲಾಡುತ್ತೆ?" ಅಂದೆ. ನನ್ನ ಧ್ವನಿ ಯಾರದೋ ಥರ ಕೇಳಿಸಿತು.

"ಅದನ್ನ ಹೇಳ್ತಿರೋರು ಯಾರು? ಹನ್ನೊಂದನೇ ನಂಬರ್. ಹನ್ನೊಂದನ್ನ ನಂಬಬಾರದು ಅಂದೋರು ಯಾರು?"

ಬಿಸ್ಕತ್ತು ಕೈಯಲ್ಲೇ ಇತ್ತು. ತಿನ್ನಲೂ ಆಗಲಿಲ್ಲ, ವಾಪಸ್ ಇಡಲೂ ಆಗಲಿಲ್ಲ.

ಹೊಸ ವರದಿಗೆ ಫೆಬ್ರವರಿಯಲ್ಲಿ ಬಟ್ಟೆ ಗಿರಣಿಯ ಲೈನ್‌ಗಳಿಗೆ ನಮ್ಮನ್ನೇ ಕಳಿಸುತ್ತಾರೆ. ಸೂಚನಾ ಪತ್ರ ಕೊಟ್ಟಿದ್ದಾರೆ. ಐದನೇ ಸಾಲು: ಬೀಗ ಹಾಕಿದ್ದರೆ ಮುಂದಿನ ಮನೆ.

ಏಜೆನ್ಸಿಗೆ ಕಾಗದ ಹೋಗಿಯಾಗಿದೆಯಂತೆ ಅಮ್ಮ. ಸಾರಿ ಅನ್ನುವ ಪದ ಬರೆದು ನೋಡಿದೆ, ಬಹಳ ಚಿಕ್ಕದಾಗಿ ಕಾಣುತ್ತದೆ.

ಮಗಳು

*

ಡಿಸೆಂಬರ್ 12

ಮಗಳೇ,

ಸೋಮವಾರ ಆಫೀಸಿಗೆ ಕರೆಸಿದ್ದರು. ಈಗಿನ ಸೂಪರ್‌ವೈಸರ್ ನನಗಿಂತ ಹದಿನೈದು ವರ್ಷ ಚಿಕ್ಕವಳು, ನಾನೇ ಕೆಲಸ ಕಲಿಸಿದ ಹುಡುಗಿ. ಪಾಪ, ತಲೆ ಎತ್ತಲಿಲ್ಲ. "ಅಕ್ಕಾ, ಮೇಲಿಂದ ಬಂದಿದೆ, ನಾನೇನ್ ಮಾಡ್ಲಿ" ಅಂದಳು. ನಾನೇ ಅವಳಿಗೆ ನೀರು ಕೊಟ್ಟೆ. ನನ್ನ ನಂಬರನ್ನು ಪಟ್ಟಿಯಿಂದ ತೆಗೆದರು. ಚೀಲ, ಗುರುತಿನ ಚೀಟಿ, ಫಾರಂ ಇಟ್ಟು ಬರೆಯುವ ಹಲಗೆ ಒಪ್ಪಿಸಿ ಬಂದೆ. ಹಲಗೆಯ ಕ್ಲಿಪ್ಪು ನಾನೇ ಹಾಕಿಸಿದ್ದು, ಅದನ್ನು ಬಿಚ್ಚಿಕೊಂಡೆ.

ನೀನು ಅಳುತ್ತಾ ಕೂರಬೇಡ. ನೀನು ಕಂಡದ್ದನ್ನು ಬರೆದೆ. ನಾನು ಹೇಳದೆ ಇದ್ದದ್ದು ನಿನಗೆ ಹೇಗೆ ಕಾಣಬೇಕು? ನಿನ್ನ ಮೇಲೆ ನನಗೆ ಸಿಟ್ಟು ಇಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ. ಸ್ವಲ್ಪ ಇದೆ. ಕಡಿಮೆಯಾಗುತ್ತಿದೆ.

ಕೆಳಗಿನ ದರ್ಜಿ ಅಂಗಡಿಯವರು ಗುಂಡಿ ಹೊಲಿಯುವ ಕೆಲಸ ಕೊಟ್ಟಿದ್ದಾರೆ. ಮನೆಯಲ್ಲೇ ಕೂತು ಮಾಡಬಹುದು. ಗುಂಡಿಗೆ ಪ್ರಶ್ನೆ ಕೇಳುವ ಹಾಗಿಲ್ಲ, ಅದೊಂದು ನೆಮ್ಮದಿ.

ಫೆಬ್ರವರಿಯಲ್ಲಿ ಹೋಗುವಾಗ ಕೈಯಲ್ಲಿ ನೀರಿನ ಬಾಟಲಿ ಇರಲಿ. ಯಾರಾದರೂ ಒಳಗೆ ಕರೆದರೆ ಬಾಗಿಲ ಹತ್ತಿರ ಕೂರು. ಏನು ಹೇಳುತ್ತಾರೋ ಅದನ್ನೇ ಬರೆ, ನಿನಗೆ ಇಷ್ಟವಾಗಲಿ ಬಿಡಲಿ.

ಅಮ್ಮ

*

ಫೆಬ್ರವರಿ 17

ಅಮ್ಮಾ,

ನಿನ್ನೆ ಗಿರಣಿ ಲೈನಿಗೆ ಹೋಗಿದ್ದೆ. ನನಗೆ ಇಪ್ಪತ್ತು ಮನೆ ಕೊಟ್ಟಿದ್ದರು. ಎಂಟು ಬೀಗ. ಉಳಿದ ಹನ್ನೆರಡರಲ್ಲಿ ಹನ್ನೆರಡು 'ಇಲ್ಲ'. ಯಾರೂ ಸುಳ್ಳು ಹೇಳಲಿಲ್ಲ, ಅದೇ ಭಯ ಆಗಿದ್ದು.

ಕೊನೆಯ ಬೀಗದ ಮನೆಯಲ್ಲಿ ಮೂರು ಸಲ ಬಡಿದು ತಿರುಗಿದೆ. ಕಿಟಕಿಯ ಕೆಳಗಡೆಯಿಂದ ಸದ್ದು ಬಂತು, ಚಮಚ ನೆಲಕ್ಕೆ ಬಿದ್ದ ಹಾಗೆ. ಬಗ್ಗಿ ನೋಡಿದೆ. ಕಿಟಕಿಯ ಸಂದಿಯಲ್ಲಿ ಒಂದು ಕಣ್ಣು.

"ಅಮ್ಮ ಇಲ್ಲ" ಅಂತು.

"ಸರಿ. ಎಷ್ಟೊತ್ತಿಗೆ ಬರ್ತಾಳೆ?"

"ಇನ್ನೂ ಮೂರು ಬಸ್ಸು."

ಸೂಚನಾ ಪತ್ರ ಮಡಿಸಿ ಚೀಲಕ್ಕೆ ಹಾಕಿ ಮೆಟ್ಟಿಲ ಮೇಲೆ ಕೂತೆ. ಒಂದು ಬಸ್ಸು ಹೋಯಿತು. "ಒಂದು" ಅಂತು ಒಳಗಿಂದ. ತುಂಬಾ ಹೊತ್ತಾದ ಮೇಲೆ ಎರಡು. ನಡುವೆ ಆ ಹುಡುಗಿ ನನ್ನನ್ನು ಕೇಳಿದಳು, "ನೀನು ಕಳ್ಳೀನಾ?" ಅಲ್ಲ ಅಂದೆ. "ಕಳ್ಳರು ಹಾಗೇ ಹೇಳ್ತಾರೆ" ಅಂದಳು. ನಮ್ಮ ಡಿಪಾರ್ಟ್‌ಮೆಂಟಿಗೆ ಸೇರಿಸಿಕೊಳ್ಳಬೇಕಾದ ಮಗು.

ಆರೂಕಾಲಿಗೆ ತಾಯಿ ಬಂದಳು. ಕೂದಲ ತುಂಬ ಹತ್ತಿಯ ಎಳೆ. ನನ್ನನ್ನು ನೋಡಿ ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಯಾರು ನೀವು? ಯಾವ ಆಫೀಸು? ಮಕ್ಕಳನ್ನ ಕರ್ಕೊಂಡು ಹೋಗೋ ಆಫೀಸಾ?"

"ಇಲ್ಲಕ್ಕ, ಕಾಲೇಜು. ಒಂದೇ ಪ್ರಶ್ನೆ." ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಕೊನೆಗೂ ಕೇಳಬೇಕಾದವಳೇ ಸಿಕ್ಕಿದ್ದಾಳೆ ಅಂತ. ಕೇಳಿದೆ. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲು ತೊಂದರೆ ಇದೆಯೇ?

ಅವಳು ನನ್ನ ಫಾರಂ ನೋಡಿದಳು, ನನ್ನ ಚಪ್ಪಲಿ ನೋಡಿದಳು. "ತೊಂದರೆನಾ? ಏನೂ ಇಲ್ಲ. ಒಳಗೆ ನನ್ನ ತಂಗಿ ಇದ್ದಾಳೆ, ಮಲಗಿರ್ತಾಳೆ. ಬರ್ಕೊಳ್ಳಿ, ಏನೂ ಇಲ್ಲ ಅಂತ."

ತಂಗಿ ಇರಲಿಲ್ಲಮ್ಮಾ. ಬಾಗಿಲು ತೆರೆದಾಗ ಇಡೀ ಕೋಣೆ ಕಾಣಿಸಿತು. ಬಾಗಿಲು ಮುಚ್ಚಿಕೊಳ್ಳುವ ಮೊದಲು ಆ ಮಗು ತಾಯಿಯ ಕಾಲು ತಬ್ಬಿಕೊಂಡು ನನ್ನ ಕಡೆ ನೋಡುತ್ತಿತ್ತು.

ಏನು ಹೇಳುತ್ತಾರೋ ಅದನ್ನೇ ಬರೆ ಅಂದಿದ್ದೆಯಲ್ಲ. ಬರೆದೆ. 'ಇಲ್ಲ.' ಅಂಚಿನಲ್ಲಿ ಸಣ್ಣದಾಗಿ ಕಂಡದ್ದನ್ನೂ ಬರೆದೆ, ಎಂಟು ಬೀಗದ ಮನೆಗಳ ನಂಬರನ್ನೂ ಬರೆದೆ. ಇವತ್ತು ಸರ್ ನೋಡಿ, "ಅಂಚನ್ನು ಕಂಪ್ಯೂಟರ್ ಓದಲ್ಲಮ್ಮಾ" ಅಂದರು. ನಿಯಮ ಮುರಿದು ಕಾದದ್ದಕ್ಕೆ ಅಂಕ ಕಳೆದರು. ನನ್ನ ಹದಿಮೂರರಲ್ಲಿ ಹದಿಮೂರೂ 'ಇಲ್ಲ'. ನೂರು ಪರ್ಸೆಂಟ್. ಇಡೀ ಕ್ಲಾಸಿಗೇ ನಾನು ಫಸ್ಟ್.

ಅಂದರೆ ಬೀಗ ತೆಗೆದ ಮೇಲೆ ಕೇಳಿದರೂ ಅದೇ ಉತ್ತರ. ಹಾಗಾದರೆ ನಾನು ಇಲ್ಲಿ ಏನು ಕಲಿಯುತ್ತಿದ್ದೇನೆ? ನಿನ್ನ ಪತ್ರ ಮತ್ತೆ ಓದಿದೆ. ಒಂದು ಹೊಸ ಅನುಮಾನ ಶುರುವಾಗಿದೆ, ಕೇಳದೇ ಇರಲಾರೆ. ಆ ದಿನ ಸೂಪರ್‌ವೈಸರ್ ಜೊತೆ ಬೇರೆ ಯಾರಾದರೂ ಬಂದು, ಸಂಜೆ ನಿನ್ನನ್ನೇ ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ?

ಮಗಳು

*

ಫೆಬ್ರವರಿ 26

ಮಗಳೇ,

"ಏನೂ ತೊಂದರೆ ಇಲ್ಲ" ಅನ್ನುತ್ತಿದ್ದೆ. ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೇಳುವವರು ಯಾರು ಅಂತ ನೋಡಿ ಜನ ಉತ್ತರ ಕೊಡುತ್ತಾರೆ. ನಾನೂ ಜನವೇ.

ಆ ಹೆಂಗಸನ್ನು ಮನಸ್ಸಿನಲ್ಲಿ ಬೈದುಕೊಳ್ಳಬೇಡ. ಮತ್ತೆ ಹೋಗು. ಫಾರಂ ಇಲ್ಲದೆ ಹೋಗು. ನಾಲ್ಕನೇ ಸಲವೋ ಐದನೇ ಸಲವೋ ಹೇಳಿಯಾಳು. ಹೇಳದೆಯೂ ಇರಬಹುದು. ಅದಕ್ಕೆ ಅಂಕ ಯಾರೂ ಕೊಡುವುದಿಲ್ಲ.

ನಿನ್ನ ಪತ್ರ ಬಂದ ಮೇಲೆ ಗುಂಡಿ ಹೊಲಿಯುತ್ತಾ ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಬಾಗಿಲು ಬಡಿದೆನೋ. ಸೋಪು ಕೇಳಿದೆ, ಓಟು ಕೇಳಿದೆ, ಹಲ್ಲುನೋವು ಕೇಳಿದೆ. ತೊಂದರೆ ಇದೆಯಾ ಅಂತ ತಾಯಂದಿರನ್ನು ಕೇಳಿದೆ. ನಿನ್ನ ಸರ್ ಮಾಡಿದ ಫಾರಂನಲ್ಲಿ ಒಳಗೆ ಕೂತಿದ್ದವರಿಗೆ ಪ್ರಶ್ನೆ ಇರಲಿಲ್ಲ. ನಿನ್ನನ್ನು ಕೇಳಲು ನನಗಂತೂ ಫಾರಂ ಬೇಕಾಗಿರಲಿಲ್ಲ, ಆದರೂ ಈ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ಉತ್ತರದ ಭಯ ಇತ್ತು. ಕೇಳದೆ ಇದ್ದರೆ 'ಇಲ್ಲ' ಅಂತ ಬರೆದುಕೊಳ್ಳಬಹುದಲ್ಲ, ಹಾಗೆ ಬರೆದುಕೊಂಡೆ.

ಒಟ್ಟು ಹತ್ತೊಂಬತ್ತು ದಿನ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆ. ನೀನು ಒಳಗೆ ಏನು ಮಾಡುತ್ತಿದ್ದೆ? ಹೆದರಿಕೆ ಆಗುತ್ತಿತ್ತಾ? ಆ ದಿನ ಮೂರು ಸಲ ಬಡಿದವಳು ನಾನು ಅಂತ ನಿನಗೆ ಗೊತ್ತಾಗಿತ್ತಾ?

ಹೌದು, ಇಲ್ಲ ಅಂತ ಬೇಡ. ಇದ್ದದ್ದನ್ನು ಬರೆ. ನನಗೆ ಬೇಸರವಾಗುತ್ತದೆ ಅಂತ ಏನನ್ನೂ ಬಿಡಬೇಡ, ಬಿಟ್ಟರೆ ನನಗೆ ಗೊತ್ತಾಗುತ್ತದೆ. ಅವಸರ ಇಲ್ಲ. ಈಗ ನಾನು ಎಲ್ಲಿಗೂ ಹೋಗುವುದಿಲ್ಲ, ಇಡೀ ದಿನ ಮನೆಯಲ್ಲೇ ಇರುತ್ತೇನೆ.

ಅಮ್ಮ